ಗಾದಿಲಿಂಗಪ್ಪ ಹಾಕಿದ ಪೆಟ್ರೋಲು

ನನ್ನ ಮೋಟಾರಿಗೆ ಮುಪ್ಪು ಬಂತು ಎಂದು ಹೊಸಪೇಟೆಯೆಲ್ಲ ಮಾತಾಡಿಕೊಂಡಿತು. ಮಾತಾಡುವವರ ಬಾಯಿಗೆ ನಾನೇನು ಬೀಗ ಹಾಕಲಿ? ಬೆಳಿಗ್ಗೆ ಹ್ಯಾಂಡಲ್ ತಿರುಗಿಸಿ ತಿರುಗಿಸಿ ನನ್ನ ರಟ್ಟೆ ಸೋತರೂ ಅದು ಏಳುತ್ತಿರಲಿಲ್ಲ. ಎದ್ದರೆ ಕೆಮ್ಮು, ಹೊಗೆ. ಏರು ಬಂದರೆ ಎಂಜಿನ್ನಿನೊಳಗೆ ಯಾರೋ ಸುತ್ತಿಗೆ ಹಿಡಿದು ಕೂತಂತೆ ಕಟಕಟ ಸದ್ದು. ಆ ಗಾಡಿಯಿಂದಲೇ ನನ್ನ ಮನೆಯ ಒಲೆ ಉರಿಯಬೇಕು. ಹೊಸಪೇಟೆಯಿಂದ ಸಂಡೂರಿಗೆ ಬಾಡಿಗೆ ಓಡಿಸುವ ಲೈಸೆನ್ಸು ಇದ್ದದ್ದು ಆ ಗಾಡಿಯ ಮೇಲೆ. ಗಾಡಿ ಕೈಬಿಟ್ಟರೆ ಲೈಸೆನ್ಸೂ ಕೊಂಡವನದಾಗುತ್ತದೆ. ಆಮೇಲೆ ನಾನು ಎಮ್ಮಿಗನೂರಿಗೆ ಹೋಗಿ ಅಣ್ಣಂದಿರ ಗದ್ದೆಯ ಬದುವಿನ ಮೇಲೆ ಕೈಕಟ್ಟಿ ನಿಲ್ಲಬೇಕು.

ಮಾನ ಹೋದದ್ದು ಸಂಡೂರಿನ ಘಟ್ಟದಲ್ಲಿ. ವಕೀಲ ವೆಂಕೋಬರಾಯರು ಸಂಡೂರಿಗೆ ಹೋಗುವುದೆಂದರೆ ನನ್ನ ಗಾಡಿಯಲ್ಲೇ; ಬೇರೆಯವರ ಗಾಡಿಯನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅಂಥವರನ್ನು ಅರ್ಧ ಏರಿನಲ್ಲಿ ಇಳಿಸಿ ಗಾಡಿ ತಳ್ಳಿಸಬೇಕಾಯಿತು. ಅವರ ಬಿಳಿ ಪಂಚೆಗೆ ಮೊಣಕಾಲಿನವರೆಗೂ ಕೆಂಪು ಮಣ್ಣು ಹತ್ತಿತು.

“ಏನಪಾ ತಾಯಪ್ಪ, ನಾ ವಕೀಲನೋ, ನಿನ್ನ ಗಾಡಿಗೆ ಕಟ್ಟಿದ ಎತ್ತೋ?”

“ತಪ್ಪಾತ್ರಿ ರಾಯರ. ಮುಂದಿನ ವಾರಕ್ಕ ನೆಟ್ಟಗ ಮಾಡಿರತೀನ್ರಿ.”

“ಮುಂದಿನ ವಾರ ನಾ ಬಸ್ಸಿಗೆ ಹೋಗತೀನಪಾ. ಇದಕ್ಕ ವಯಸ್ಸಾತು, ಮಾರಿಬಿಡು.”

ಎಂಜಿನ್ ಬಿಚ್ಚಿದೆ. ಪ್ಲಗ್ಗುಗಳು ಪಾತ್ರೆಯ ತಳದ ಹಾಗೆ ಮಸಿ ಹಿಡಿದಿದ್ದವು. ಉಜ್ಜಿದೆ. ವಾಲ್ವು ತಿಕ್ಕಿದೆ. ಕಾರ್ಬೊರೇಟರ್ ಊದಿ ಊದಿ ಕೆನ್ನೆ ನೋವು ಬಂತು. ಎಲ್ಲ ಮತ್ತೆ ಕೂಡಿಸಿ ಹೊರಟರೆ ಅದೇ ಕೆಮ್ಮು, ಅದೇ ಸುತ್ತಿಗೆ. ಗಾಡಿಗೆ ಒದ್ದೆ ಕೂಡ. ಪಾಪ, ಅದರ ತಪ್ಪೇನಿತ್ತು?

ಪೆಟ್ರೋಲಿನ ಮೇಲೆ ಮಾತ್ರ ಅನುಮಾನ ಬರಲಿಲ್ಲ. ನೀರು ಬೆರೆತಿದ್ದರೆ ಸಿಗಲಿ ಎಂದು ಪ್ರತಿ ಸಲವೂ ಲಾಳಿಕೆಗೆ ಮೆತ್ತನೆಯ ತೊಗಲು ಹಾಸಿ ಸೋಸುತ್ತಿದ್ದೆ. ತೊಗಲು ನೀರನ್ನು ಮೇಲೆಯೇ ತಡೆಯುತ್ತದೆ. ಒಂದು ಹನಿಯೂ ನಿಂತಿರಲಿಲ್ಲ, ಚೊಕ್ಕ ಮಾಲು ಎಂದುಕೊಂಡೆ. ಮೇಲಾಗಿ ಅದು ಗಾದಿಲಿಂಗಪ್ಪ ಕೊಟ್ಟ ಪೆಟ್ರೋಲು.

ಗಾದಿಲಿಂಗಪ್ಪನೂ ನಾನೂ ಎಮ್ಮಿಗನೂರಿನ ಒಂದೇ ಓಣಿಯವರು. ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ ಅವನದು ಸೀಮೆಎಣ್ಣೆ, ಪೆಟ್ರೋಲಿನ ಅಂಗಡಿ. ನನ್ನನ್ನು ಈ ಊರಿಗೆ ಕರೆತಂದು ಮೋಟಾರು ಕಲಿಯಲು ಹಚ್ಚಿದವನೇ ಅವನು. ನಮ್ಮಪ್ಪನನ್ನು ಮಣ್ಣು ಮಾಡಿ ಬಂದ ದಿನ ನಾನು ಕಟ್ಟೆಯ ಮೇಲೆ ಕೂತಿದ್ದಾಗ ಮೊದಲ ಚಿಟಿಕೆ ನಶ್ಯ ಕೊಟ್ಟವನೂ ಅವನೇ. “ಏರಸಲೇ, ಕಣ್ಣೀರಿಗೆ ಒಂದು ನೆಪ ಆಗತೈತಿ” ಎಂದಿದ್ದ. ಅಂದಿನಿಂದ ನಶ್ಯ ನನಗೆ ಅಂಟಿತು. ಏರಿಸಿ ಏರಿಸಿ ಮೂಗು ಸತ್ತೇಹೋಯಿತು; ಒಲೆಯ ಮೇಲೆ ಸಾರು ಸೀದರೂ ನನ್ನ ಹೆಂಡತಿ ಎರ್ರಮ್ಮನೇ ಬಂದು ಹೇಳಬೇಕು. ನಾನು ಪೆಟ್ರೋಲಿಗೆ ಹೋದಾಗಲೆಲ್ಲ ಗಾದಿಲಿಂಗಪ್ಪ ಮೊದಲು ಹಿತ್ತಾಳೆ ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿಯುತ್ತಿದ್ದ, ಆಮೇಲೆ ಒಳಕೋಣೆಗೆ ಹೋಗಿ ನನ್ನ ಟಿನ್ನು ತುಂಬಿ ತರುತ್ತಿದ್ದ. “ನಿನಗಂತ ಬ್ಯಾರೇನ ಇಟ್ಟೀನಿ ದೋಸ್ತ” ಎನ್ನುತ್ತಿದ್ದ. ಎಂಥ ಪ್ರೀತಿ ಎಂದು ನಾನು ಊರ ತುಂಬ ಹೇಳಿಕೊಂಡು ತಿರುಗಿದೆ. ಥೂ ನನ್ನ ಜನ್ಮಕ್ಕೆ!

ಘಟ್ಟದ ಕಥೆ ಹೇಳಿದಾಗ ಅವನ ಕಣ್ಣಲ್ಲಿ ನೀರು ಬಂತು. ನಿಜವಾಗಿಯೂ ಬಂತು, ನಾನೇ ನೋಡಿದೆ.

“ಆ ಗಾಡಿ ಜತಿಗಿ ಇನ್ನ ಎಷ್ಟಂತ ಗುದ್ದಾಡತಿ? ಬ್ಯಾರೇವ್ರಿಗೆ ತೋರಿಸಿದ್ರ ಗುಜರಿಗೆ ಹಾಕು ಅಂತಾರ. ನಿನ್ನ ಮಾರಿ ನೋಡಿ ನಾ ತಗೋತೀನಿ” ಎಂದ.

“ನೀ ತಗೊಂಡು ಏನ್ಮಾಡತಿ ಲೇ?”

“ಅಂಗಡಿ ಹಿಂದ ನಿಂದರಸತೀನಿ. ಅಮಾಸಿ ಕಳೀಲಿ, ಕಾಗದ ಮಾಡಿಬಿಡೋಣು.”

ನಾನು ಅವನ ಕೈ ಹಿಡಿದುಕೊಂಡು ಅತ್ತೆ.

ಎರ್ರಮ್ಮ ಒಪ್ಪಲಿಲ್ಲ. ಮರುದಿನವೇ ಹಂಪಿಗೆ ನಡೆದುಹೋಗಿ, ಗಾಡಿ ನೆಟ್ಟಗಾದರೆ ನನ್ನ ಗಂಡ ನಶ್ಯ ಬಿಡುತ್ತಾನೆ ಎಂದು ವಿರೂಪಾಕ್ಷನಿಗೆ ಹರಕೆ ಹೊತ್ತು ಬಂದಳು.

“ಹರಕಿ ಹೊತ್ತಾಕಿ ನೀನು, ಬಿಡಾವ ನಾನಾ?” ಎಂದು ಓಣಿಗೆ ಕೇಳುವಂತೆ ಕೂಗಾಡಿದೆ. “ಮೊದ್ಲ ಗಾಡಿ ನೆಟ್ಟಗಾಗಲಿ, ಆಮ್ಯಾಲ ನೋಡೋಣು.”

“ಮೊದ್ಲ ನೀವು ಬಿಟ್ಟು ತೋರಸ್ರಿ. ದೇವ್ರಿಗೂ ನಿಮ್ಮ ಮ್ಯಾಲ ನಂಬಿಕಿ ಬರಲಿ” ಎಂದು ನನ್ನ ನಶ್ಯದ ಪೊಟ್ಟಣ ಎತ್ತಿಕೊಂಡು ಹೋಗಿ ತಿಪ್ಪೆಗೆ ಹಾಕಿದಳು.

ಬಿಟ್ಟೆ. ತಲೆ ಸಿಡಿಯುತ್ತಿತ್ತು. ಎದುರಿಗೆ ಬಂದವರನ್ನೆಲ್ಲ ಬೈದೆ. ಹೀಗೇ ಇರುವಾಗ ಒಂದು ಬೆಳಿಗ್ಗೆ ಒಗ್ಗರಣೆಯ ವಾಸನೆಗೆ ಎಚ್ಚರವಾಯಿತು. ಸಾರಿಸಿದ ನೆಲ, ಎರ್ರಮ್ಮನ ತಲೆಗೆ ಹಚ್ಚಿದ ಹರಳೆಣ್ಣೆ, ಹಿತ್ತಲಿನ ದವನ, ಒಂದೊಂದೇ ಮೂಗಿಗೆ ಬಂದವು. ಎದ್ದು ಕೂತು ಸುಮ್ಮನೆ ಉಸಿರು ಎಳೆದುಕೊಂಡೆ. ಆ ದಿನ ಯಾರನ್ನೂ ಬೈಯಲಿಲ್ಲ.

ಅಮಾವಾಸ್ಯೆ ಕಳೆಯಿತು. ಕಾಗದ ಮಾಡುವ ಮೊದಲು ಎರ್ರಮ್ಮನನ್ನು ಕೂರಿಸಿಕೊಂಡು ಕಂಪ್ಲಿಯ ಅವಳ ತವರಿಗೆ ಒಂದು ಸಲ ಹೋಗಿಬರೋಣ ಎನಿಸಿತು. ಟ್ಯಾಂಕು ಬರಿದಾಗಿತ್ತು. ಖಾಲಿ ಟಿನ್ನು ಹಿಡಿದು ಅಂಗಡಿಗೆ ಹೋದೆ. ಗಾದಿಲಿಂಗಪ್ಪ ಡಬ್ಬಿ ಮುಂದೆ ಹಿಡಿದ.

“ಬ್ಯಾಡಪಾ, ಬಿಟ್ಟೀನಿ.”

ಅವನ ಮುಖ ಕಪ್ಪಿಟ್ಟಿತು. “ಬಿಟ್ಟೀನಿ ಅಂದ್ರ? ಇವತ್ತೊಂದಿನ ತಗೋ ಲೇ, ನನ್ನ ಸಲುವಾಗಿ.”

“ಹರಕಿ ಐತಿ, ಬ್ಯಾಡ.”

ಡಬ್ಬಿ ಮುಚ್ಚಿ ಜೇಬಿಗಿಟ್ಟುಕೊಂಡ. ಆಮೇಲೆ ಒಳಗೆ ಹೋಗಿ ಟಿನ್ನು ತುಂಬಿ, ಮುಚ್ಚಳ ಬಿಗಿದು ತಂದುಕೊಟ್ಟ. ಅಂಗಡಿಯಲ್ಲಿ ಸೀಮೆಎಣ್ಣೆ ನಾರುತ್ತಿತ್ತು. ಸೀಮೆಎಣ್ಣೆ ಅಂಗಡಿ ನಾರದೆ ಇನ್ನೇನು ಮಾಡೀತು? ಆದರೆ ರಸ್ತೆಗೆ ಬಂದು, ಬೇವಿನ ಮರ ದಾಟಿದರೂ ಆ ವಾಸನೆ ನನ್ನ ಜೊತೆಗೇ ನಡೆದು ಬಂತು. ಟಿನ್ನು ಕೆಳಗಿಟ್ಟು, ಮುಚ್ಚಳ ತೆಗೆದು ಮೂಗಿಟ್ಟೆ. ಎಡ ಅಂಗೈಗೆ ಒಂದಿಷ್ಟು ಸುರಿದುಕೊಂಡೆ. ಪೆಟ್ರೋಲಾದರೆ ತಣ್ಣಗೆ ತಾಗಿ, ಹಾರಿಹೋಗಿ, ಕೈ ಒಣಗಬೇಕು. ಇದರಲ್ಲಿ ಅರ್ಧ ಹಾರಿತು. ಉಳಿದದ್ದು ಸೀಮೆಎಣ್ಣೆ, ಜಿಡ್ಡಾಗಿ ಅಂಗೈಯಲ್ಲೇ ಕೂತಿತು. ತೊಗಲು ತಡೆಯುವುದು ನೀರನ್ನು, ಎಣ್ಣೆಯನ್ನಲ್ಲ.

ತಿರುಗಿ ಹೋದೆ. ಅಂಗಡಿಯ ಮುಂದಿದ್ದ ಪೀಪಾಯಿಯಿಂದ ಬಲ ಅಂಗೈಗೆ ಹಾಕಿಕೊಂಡೆ. ನೋಡನೋಡುತ್ತ ಒಣಗಿತು. ಅಂಗಡಿಗೆ ಬರುವ ಉಳಿದೆಲ್ಲ ಗಾಡಿಗಳಿಗೂ ಆ ಪೀಪಾಯಿಯಿಂದಲೇ. ಒಳಕೋಣೆಯ ಮಾಲು ನನಗೊಬ್ಬನಿಗೇ. ಎರಡೂ ಅಂಗೈಗಳನ್ನು ಗಾದಿಲಿಂಗಪ್ಪನ ಮುಂದೆ ಚಾಚಿದೆ.

“ಇದೇನಲೇ ಇದು?”

“ಟಿನ್ನು... ಟಿನ್ನು ಬದ್ಲಿ ಆಗಿರಬೇಕು.”

“ದಿನಾ ಬದ್ಲಿ ಆಗತೈತೇನು? ನನ್ನ ಲೈಸೆನ್ಸು ಬೇಕಾಗಿತ್ತಂದ್ರ ಬಾಯಿಬಿಟ್ಟು ಕೇಳಬೇಕಿಲ್ಲೇನು?”

ಅವನು ತಲೆ ಎತ್ತಲಿಲ್ಲ. “ಕೇಳಿದ್ರ ಕೊಡತಿದ್ದೇನು?” ಎಂದ.

ಕೊಡುತ್ತಿದ್ದೆ. ಅರ್ಧ ಪಾಲು ಕೊಡುತ್ತಿದ್ದೆ, ಕೇಳಿದ ದಿನವೇ. ಇವತ್ತಿಗೂ ನನ್ನ ಹೊಟ್ಟೆ ಉರಿಯುವುದು ಅದಕ್ಕೇ. ನಂಬಿಸಿ ಕುತ್ತಿಗೆ ಕೊಯ್ದವನು ನನ್ನ ಜೊತೆ ಕೂತು ಕಣ್ಣೀರೂ ಹಾಕಿದ್ದನಲ್ಲ! ಮೂಗು ಎಲ್ಲಿ ಎಚ್ಚರವಾದೀತೋ ಎಂದು ಪ್ರತಿ ಟಿನ್ನಿಗೂ ಮೊದಲು ಒಂದು ಚಿಟಿಕೆ. ಇಷ್ಟು ದಿನ ಅದನ್ನೇ ನಾನು ಪ್ರೀತಿ ಎಂದುಕೊಂಡಿದ್ದೆ. ಹೊಡೆಯಬೇಕೆಂದು ಎತ್ತಿದ ಕೈ ಹಾಗೇ ಇಳಿಯಿತು.

“ಗಾದಿಲಿಂಗ, ಒಂದ ಕೇಳತೀನಿ. ನಮ್ಮಪ್ಪನ ಮಣ್ಣು ಮಾಡಿದ ದಿನ ನಶ್ಯ ಕೊಟ್ಟಿದ್ಯಲ್ಲ, ಅದಾದರೂ ಖರೇವೇನು?”

ಅವನು ಏನು ಮಾಡಬೇಕೆಂದು ತೋಚದೆ ಜೇಬಿಗೆ ಕೈಹಾಕಿ, ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ ನನ್ನ ಮುಂದೆ ಹಿಡಿದ. ನಾನು ಟಿನ್ನನ್ನು ಅವನ ಹೊಸ್ತಿಲ ಮೇಲೆ ಬೋರಲು ಹಾಕಿ ಬಂದುಬಿಟ್ಟೆ.

ಕಾಗದ ಆಗಲಿಲ್ಲ, ಗಾಡಿ ನನ್ನದಾಗಿಯೇ ಉಳಿಯಿತು. ಬೇರೆ ಅಂಗಡಿಯ ಪೆಟ್ರೋಲು ಹಾಕಿದ ಮೇಲೆ ಸಂಡೂರಿನ ಘಟ್ಟವನ್ನು ಒಂದೇ ಉಸಿರಿಗೆ ಏರುತ್ತದೆ. ವೆಂಕೋಬರಾಯರು ಮತ್ತೆ ಬಂದು ಹಿಂದಿನ ಸೀಟಿನಲ್ಲಿ ಕೂತು ನಿದ್ದೆ ಹೊಡೆಯುತ್ತಾರೆ. ದೇವರು ಕಣ್ಣು ತೆರೆದ ಎಂದು ಎರ್ರಮ್ಮ ಹಂಪಿಗೆ ಹೋಗಿ ಕಾಯಿ ಒಡೆಸಿದಳು.

ನನಗೆ ಮಾತ್ರ ಒಂದು ಕೆಟ್ಟ ಚಾಳಿ ಅಂಟಿದೆ. ಯಾರಾದರೂ ಪ್ರೀತಿಯಿಂದ ಏನು ಕೊಟ್ಟರೂ ಮೊದಲು ಮೂಗಿಗೆ ಹಿಡಿಯುತ್ತೇನೆ. ನಿನ್ನೆ ಎರ್ರಮ್ಮ ಕುಡಿಯಲು ಕೊಟ್ಟ ಹಾಲನ್ನೂ ಮೂಸಿದೆ. ಅವಳು ನೋಡಿದಳು. ಮುಖ ತಿರುಗಿಸಿ ಒಳಗೆ ಹೋದಳು.