ಸಿಸ್ಟರಮ್ಮನ ನಾಲ್ಕನೆಯ ದನಿ

ಶಾಂತಕುಮಾರಿ ಸಿಸ್ಟರಿಗೆ ಸಿಟ್ಟು ಬಂದರೆ ಚಳ್ಳಕೆರೆಯ ಎಣ್ಣೆ ಮಿಲ್ಲುಗಳೂ ಬಾಯಿ ಮುಚ್ಚುತ್ತವೆ ಎಂದು ನಾನು ಹೇಳುವುದುಂಟು. ಕ್ರಿಸ್‌ಮಸ್ ಕಾರ್ಯಕ್ರಮದ ದಿನ ತೋಟಪ್ಪ ಮೇಷ್ಟ್ರು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಚರ್ಚಿಗೆ ಬಂದಾಗ ಆ ಸಿಟ್ಟು ಬಂತು.

"ನಿನ್ನೆ ಏನ್ ತಿಂದ್ರಿ?"

ಮೇಷ್ಟ್ರು ಬಾಯಿ ತೆರೆದರು. ಗಾಳಿ ಬಿಟ್ಟರೆ ಏನೂ ಬರಲಿಲ್ಲ. ಕೀಬೋರ್ಡ್ ನುಡಿಸುವ ನಾನೇ ಅವರ ಪರವಾಗಿ ಹೇಳಿದೆ: "ಮೆಣಸಿನಕಾಯಿ ಬಜ್ಜಿ. ಅದರ ಮ್ಯಾಲೆ ಐಸ್‌ಕ್ರೀಮು."

"ಇಡೀ ಊರಲ್ಲಿ ನಂಗೆ ಇರೋದು ಒಂದೇ ತಗ್ಗು ದನಿ, ಅದನ್ನೂ ನುಂಗಿಬಿಟ್ರಲ್ಲ ಮೇಷ್ಟ್ರೇ!"

ಸಿಟ್ಟಿಗೆ ಕಾರಣವಿತ್ತು. ಆ ರಾತ್ರಿ ನಮ್ಮ ತಂಡ ಹಾಡಬೇಕಿದ್ದ ಹಾಡಿಗೆ ಮುನ್ನೂರು ವರ್ಷ. ಜರ್ಮನಿಯ ಯಾವುದೋ ಊರಿನ ಚರ್ಚ್ ಸಂಗೀತಗಾರ ಅದನ್ನು ನಾಲ್ಕು ದನಿಗಳಿಗೆ ಕಟ್ಟಿದ. ಅವನು ಸತ್ತ ಮೇಲೆ ಹಾಡು ಬಹುಕಾಲ ಬೀರುವಿನಲ್ಲಿ ಮಲಗಿತ್ತು. ಯಾರೋ ಎಬ್ಬಿಸಿದರು, ಇನ್ಯಾರೋ ಮಿಷನ್ ಹಾಸ್ಟೆಲ್ಲಿಗೆ ತಂದು ಕನ್ನಡದ ಮಾತು ಹೊಂದಿಸಿದರು. ಅಲ್ಲಿ ಓದಿದ ಶಾಂತಕುಮಾರಿ, ನರ್ಸ್ ಕೆಲಸದಿಂದ ನಿವೃತ್ತರಾದ ಮೇಲೆ, ಅದನ್ನು ನಮ್ಮ ಗಂಟಲಿಗೆ ಇಳಿಸಲು ಹೆಣಗುತ್ತಿದ್ದರು. ನಾಲ್ಕೂ ದನಿ ಒಟ್ಟಿಗೆ ಕೇಳಿ ಕಣ್ಣು ಮುಚ್ಚಬೇಕೆಂಬುದು ಅವರ ಆಸೆ. ಚರ್ಚ್ ಸಭೆಯ ಹಿರಿಯರಾದರೋ, ಈ ಸಲ ಕೆಟ್ಟರೆ ಮುಂದಿನ ವರ್ಷದಿಂದ ಪೆನ್‌ಡ್ರೈವ್ ಹಾಡೇ ಸಾಕು ಎಂದುಬಿಟ್ಟಿದ್ದರು.

ಸಂಜೆ ಕಾರ್ಯಕ್ರಮ ನೋಡಲು ದೇವಸಮುದ್ರದ ಕಡೆಯಿಂದ ಕುರಿ ಕಾಯುವವರ ಒಂದು ದಂಡು ಬಸ್ಸಿಳಿಯಿತು. ಸಿಸ್ಟರ್ ಅಲ್ಲಿ ಕೆಲಸ ಮಾಡಿದ್ದವರು. ಆ ದಂಡಿನ ಅರ್ಧ ಜನ ಹುಟ್ಟಿದ್ದೇ ಅವರ ಕೈಯಲ್ಲಿ. ಮುಂದಾಳು ಬೋರಣ್ಣ ಕಂಬಳಿ ಸರಿಮಾಡಿಕೊಂಡು ಕೇಳಿದ: "ಸಿಸ್ಟರಮ್ಮಾ, ನಿಮ್ಮೋರು ಸೊಲ್ಲು ಎತ್ತಿದ್ರೆ ಹಿಂದೆ ಹೇಳೋರು ಯಾರು?"

"ಮೊದ್ಲು ಕೂತ್ಕಳ್ರಿ ಬೋರಣ್ಣ," ಎಂದು ಅವರು ಗಡಿಬಿಡಿಯಲ್ಲಿ ಒಳಗೆ ಹೋದರು.

ಆ ಕಡೆಯ ರಿವಾಜೇ ಹಾಗೆ. ಒಬ್ಬರು ಸೊಲ್ಲು, ಅಂದರೆ ಹಾಡಿನ ಸಾಲು, ಎತ್ತಿದರೆ ಕೂತವರು ಅದನ್ನೇ ತಿರುಗಿ ಹಾಡಬೇಕು. ಸುಮ್ಮನಿದ್ದರೆ, ಮನೆಗೆ ಬಂದವರಿಗೆ ನೀರು ಕೊಡದೆ ಬಾಗಿಲಲ್ಲೇ ನಿಲ್ಲಿಸಿದಂತೆ.

ಹಾಡು ಶುರುವಾಯಿತು. ಮೇಷ್ಟ್ರ ದನಿಯಿಲ್ಲದೆ ಅದು ಕಾಲು ಮುರಿದ ಮಂಚದಂತೆ ಕುಂಟುತ್ತಿತ್ತು. ಕೊನೆಯ ಭಾಗ ಬಂತು. ಅಲ್ಲಿ ಇರುವುದು 'ಆಮೆನ್' ಒಂದೇ, ಒಂದೇ ಧಾಟಿ. ಮೊದಲು ಹೆಂಗಸರ ಏರುದನಿ ಎತ್ತಿಕೊಂಡಿತು. ಅದನ್ನೇ ಅವರ ಇಳಿದನಿ ಹಿಡಿಯಿತು. ಆಮೇಲೆ ಗಂಡಸರ ಏರುದನಿ. ನಾಲ್ಕನೆಯ ಸರದಿಗೆ ಸಿಸ್ಟರ ಕೈ ಅಭ್ಯಾಸಬಲದಿಂದ ಮೇಷ್ಟ್ರ ಕಡೆ ಏರಿತು. ಮೇಷ್ಟ್ರು ತಲೆ ತಗ್ಗಿಸಿದರು. ಆ ಕೈ ಗಾಳಿಯಲ್ಲೇ ನಿಂತದ್ದು ನೋಡಿ ನನಗೆ ಅಳು ಬಂತು.

ಆಗ ಹಿಂದಿನ ಬೆಂಚುಗಳಿಂದ ದನಿ ಎದ್ದಿತು ನೋಡಿ! ಬಯಲಿನ ಆಚೆಗಿರುವ ಕುರಿ ಕರೆದು ಪಳಗಿದ ಗಂಟಲುಗಳು ಒಟ್ಟಿಗೆ, ತಗ್ಗಿನಲ್ಲಿ, ಅದೇ ಧಾಟಿಯನ್ನು ಹಿಡಿದವು. ಮೂರು ಸಲ ಕೇಳಿದ್ದರಲ್ಲ, ಬಾಯಿಗೆ ಬಂದುಬಿಟ್ಟಿತ್ತು. ಶ್ರುತಿ ಕೊಂಚ ಆಚೀಚೆ ಇತ್ತು, ಸುಳ್ಳೇಕೆ ಹೇಳಲಿ? ಆದರೂ ಚರ್ಚಿನ ಕಿಟಕಿಗಳು ನಡುಗಿದವು. ಸಿಸ್ಟರ್ ಒಂದು ಕ್ಷಣ ಕಂಗಾಲಾದರು. ಆಮೇಲೆ ಆ ಕೈಯನ್ನು ಬೋರಣ್ಣನ ಕಡೆ ತಿರುಗಿಸಿ ಕೊನೆಯವರೆಗೂ ನಡೆಸಿದರು.

ಪೆನ್‌ಡ್ರೈವಿನ ಹಿರಿಯರು ಕೇಕ್ ಹಂಚುವುದರಲ್ಲಿ ಮುಳುಗಿಹೋದರು. ಬೋರಣ್ಣ ತಲೆ ಕೆರೆದುಕೊಳ್ಳುತ್ತ ಮುಂದೆ ಬಂದ.

"ತಪ್ಪಾತು ಸಿಸ್ಟರಮ್ಮಾ. ಮೂರು ಸಲ ಸೊಲ್ಲು ಎತ್ತಿದ್ರಿ, ನಾವು ಸುಮ್ನೆ ಕೂತಿದ್ವಿ. ಮೊದಲ್ನೇ ಸಲಕ್ಕೇ ತಗೋಬೇಕಿತ್ತು."

ಸಿಸ್ಟರ್ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. "ಇಲ್ಲ ಬೋರಣ್ಣ, ಮುನ್ನೂರು ವರ್ಷದಿಂದ ನಾಲ್ಕನೇ ದನಿ ಜಾಗ ಅಲ್ಲೇ ಐತೆ. ನೀವು ಸರಿಯಾದ ಹೊತ್ತಿಗೇ ಬಂದ್ರಿ."

ಆಮೇಲೆ ಮಫ್ಲರಿನ ಕಡೆ ತಿರುಗಿದರು.

"ಮುಂದಿನ ವರ್ಷ ಹೊಟ್ಟೆ ತುಂಬ ಐಸ್‌ಕ್ರೀಮ್ ತಿನ್ರಿ ಮೇಷ್ಟ್ರೇ, ನಡೀತೈತೆ!"