ಬೇರೆಯವರ ಮನೆಯ ದೀಪ

ವಾದ ಎನ್ನುವುದು ಲಾಯರುಗಳ ಕಸುಬು, ತನಗೂ ಅದಕ್ಕೂ ಸಂಬಂಧವಿಲ್ಲ ಎಂದೇ ಐಲಾ ಕೊಸ್ಕಿ ಇಷ್ಟು ವಯಸ್ಸಿನವರೆಗೂ ತಿಳಿದುಕೊಂಡಿದ್ದಳು. ವೃದ್ಧಾಶ್ರಮದಲ್ಲಿ ಮುದುಕರ ಮೈ ತೊಳೆದು ಸಾಕಾಗಿ, ನರ್ಸಿಂಗಿಗೆ ಸೇರೋಣವೆಂದು ಊರಿನ ಸಂಜೆ ಕಾಲೇಜಿಗೆ ಹೋದರೆ, ಅಲ್ಲಿ ಮೊದಲು ಬರವಣಿಗೆಯ ಪಾಠ ಮುಗಿಸಬೇಕು ಅಂದರು. ಇಂಜೆಕ್ಷನ್ ಚುಚ್ಚುವುದಕ್ಕೂ ಪ್ರಬಂಧಕ್ಕೂ ಏನು ನಂಟೋ, ಆ ಕಾಲೇಜಿನವರೇ ಹೇಳಬೇಕು.

ಪಾಠ ಮಾಡುವ ಮಿಸೆಸ್ ಪ್ರುಯಿಟ್ ಮಾತ್ರ ಒಳ್ಳೆಯವಳು. ಓಟ್ಸ್ ಡಬ್ಬಿ, ಚರ್ಚಿನ ಮುಂದಿನ ಫಲಕ, ಪಿಕಪ್ ಗಾಡಿಯ ಹಿಂದೆ ಅಂಟಿಸಿದ ಚೀಟಿ, ಎಲ್ಲವೂ ನಮ್ಮೊಡನೆ ವಾದಕ್ಕೆ ನಿಂತಿವೆ, ನಮಗೆ ಗೊತ್ತಾಗುವುದಿಲ್ಲ ಅಷ್ಟೆ, ಅನ್ನುತ್ತಿದ್ದಳು. ಕೇಳಬೇಕಾದದ್ದು ಎರಡೇ ಪ್ರಶ್ನೆ: ಇದು ನನ್ನನ್ನು ಏನು ನಂಬು ಅನ್ನುತ್ತಿದೆ? ನಂಬುವುದಕ್ಕೆ ಏನು ಆಧಾರ ಕೊಟ್ಟಿದೆ? ದಿನಬಳಕೆಯ ಯಾವುದಾದರೊಂದು ಬರಹವನ್ನು ಆರಿಸಿಕೊಂಡು ಹೀಗೆ ಬಿಡಿಸಿ ಬರೆಯಿರಿ ಎಂದಳು. ಉಳಿದವರು ಟೂತ್‌ಪೇಸ್ಟು, ಟ್ರಕ್ಕು, ಹುಲ್ಲು ಕತ್ತರಿಸುವ ಯಂತ್ರದ ಜಾಹೀರಾತು ಹಿಡಿದರು. ಐಲಾ ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದ್ದ ಪತ್ರಿಕೆಯ ತುಣುಕನ್ನು ಕಿತ್ತುಕೊಂಡಳು. ಅದು ಅವಳ ಅಪ್ಪ ಅರ್ವಿಡ್ ಕೊಸ್ಕಿಯ ನಿಧನವಾರ್ತೆ.

ಅದನ್ನು ಅವಳು ಯಾಕೆ ಹಿಡಿದಳೆಂದರೆ, ಅದರಲ್ಲಿ ಒಂದು ವಾಕ್ಯವಿತ್ತು. ‘ಮಕ್ಕಳಲ್ಲಿ ಕೊನೆಯವರು ಮನೆ ಸೇರುವ ತನಕ ಜಗಲಿಯ ದೀಪ ಆರಿಸದ ತಂದೆ.’

ಹತ್ತೊಂಬತ್ತರ ಪ್ರಾಯದಲ್ಲಿ ಹೆಂಡತಿ ಬಿಟ್ಟವನೊಬ್ಬನ ಜೊತೆ ಕಾರು ಹತ್ತಿದ ಹುಡುಗಿ ಅವಳು. ಅಪ್ಪ ಬೈಯಲಿಲ್ಲ, ತಡೆಯಲಿಲ್ಲ. ಅಮೆರಿಕದ ಕಬ್ಬಿಣದ ಗಣಿಯಲ್ಲಿ ದುಡಿದ, ಫಿನ್ಲೆಂಡ್ ಮೂಲದ ಆ ಮನುಷ್ಯನಿಗೆ ಮಾತು ಅಂದರೆ ಮೈಮೇಲೆ ಮುಳ್ಳು. ಬಾಗಿಲು ಹಾಕಿಕೊಂಡು ಒಳಗೆ ಹೋದ, ಅಷ್ಟೆ. ಆಮೇಲೆ ಅವಳು ಬರೆದದ್ದಕ್ಕೆ ಜವಾಬಿಲ್ಲ, ಫೋನು ಮಾಡಿದರೆ ರಿಸೀವರು ತಮ್ಮನ ಕೈಗೆ. ಆ ಗಂಡನ ಸಹವಾಸ ಮುಗಿದು, ನೂರಾರು ಮೈಲಿ ಆಚೆ ಒಂಟಿಯಾಗಿ ಬಾಳು ಕಟ್ಟಿಕೊಂಡ ಮೇಲೂ ಅಪ್ಪನ ಬಾಗಿಲು ತಟ್ಟುವ ಧೈರ್ಯ ಬರಲಿಲ್ಲ. ಹೋದ ಚಳಿಗಾಲದಲ್ಲಿ ಅವನು ಸತ್ತಾಗ ಹಿಮ ಸುರಿದು ರಸ್ತೆ ಮುಚ್ಚಿ, ಅವಳು ಬರುವ ಹೊತ್ತಿಗೆ ಶವಪೆಟ್ಟಿಗೆಯನ್ನೂ ಮುಚ್ಚಿದ್ದರು. ಚರ್ಚಿನಲ್ಲಿ ಪಾದ್ರಿ ನಿಧನವಾರ್ತೆ ಓದಿದ. ದೀಪದ ಮಾತು ಐಲಾಳ ಕಿವಿಗೆ ಬಿತ್ತು. ಇಷ್ಟು ವರ್ಷ ಅವನು ಕಾದಿದ್ದ! ಅದೊಂದರ ಆಸರೆಯಲ್ಲೇ ಅವಳು ಊರಿಗೆ ವಾಪಸು ಬಂದು ಬಾಡಿಗೆ ಮನೆ ಹಿಡಿದದ್ದು.

ಪ್ರಬಂಧದಲ್ಲೂ ಹಾಗೇ ಬರೆದಳು. ಇವನು ಒಳ್ಳೆಯ ತಂದೆ ಎಂಬುದು ವಾದ, ಆರದ ದೀಪ ಆಧಾರ.

ಕಾಲೇಜಿನಲ್ಲಿ ಯಾರು ಏನು ಬರೆದರೂ ಕದ್ದ ಮಾಲು ಹುಡುಕುವ ಕಂಪ್ಯೂಟರಿನೊಳಗೆ ಹಾಯಿಸುತ್ತಾರೆ. ಮರುವಾರ ಮಿಸೆಸ್ ಪ್ರುಯಿಟ್ ಅವಳನ್ನು ತನ್ನ ಕೋಣೆಗೆ ಕರೆದು ಕೂರಿಸಿದಳು. ಕಂಪ್ಯೂಟರು ಗುರುತು ಹಾಕಿ ಪ್ರಬಂಧದ ಅರ್ಧಭಾಗ ಕೆಂಪಾಗಿತ್ತು. ಅದು ನಿಧನವಾರ್ತೆಯಿಂದ ಎತ್ತಿ ತೋರಿಸಿದ ಭಾಗ, ಎಲ್ಲಿಂದ ತೆಗೆದದ್ದೆಂದು ಕೆಳಗೆ ಹಾಕಿದ್ದೇನಲ್ಲ, ಎಂದು ಐಲಾ ಹೇಳಿದಳು. ಮಿಸೆಸ್ ಪ್ರುಯಿಟ್ ಮೇಜಿನ ಮೇಲಿನ ಕಂಪ್ಯೂಟರಿನತ್ತ ಬಾಗಿದಳು.

“ನೀವು ಕದ್ದಿಲ್ಲ, ಅದು ನಂಗೊತ್ತು,” ಅಂದಳು. “ಆದ್ರೆ ಇದು ನಿಮ್ಮ ತಂದೆಯ ನಿಧನವಾರ್ತೆಗಿಂತ ಮುಂಚೆನೇ ಬೇರೆ ಕಡೆ ಬಂದಿದ್ದು. ನೋಡಿ.”

ಪರದೆ ಇವಳ ಕಡೆ ತಿರುಗಿತು. ದೂರದ ನೆಬ್ರಾಸ್ಕ ರಾಜ್ಯದ ಯಾವುದೋ ಊರು. ಲೇಲ್ಯಾಂಡ್ ಸ್ಟ್ರೌಡ್ ಎಂಬ ಮನುಷ್ಯನ ನಿಧನವಾರ್ತೆ. ದುಂಡು ಮುಖ, ನಗು. ಸತ್ತು ಎಷ್ಟೋ ವರ್ಷವಾಗಿತ್ತು. ಯಾರನ್ನೂ ಅಪರಿಚಿತರೆಂದು ಎಣಿಸದವರು, ಟೊಮೇಟೊ ಬೆಳೆದು ಬೀದಿಗೆಲ್ಲ ಹಂಚಿದವರು, ಜಗಲಿಯ ದೀಪ ಆರಿಸದವರು. ಹೆಸರು, ಊರು, ತಾರೀಕು ಬಿಟ್ಟರೆ ಒಂದಕ್ಷರ ಆಚೀಚೆ ಇಲ್ಲ.

ಟೊಮೇಟೊ! ತಾನಿಲ್ಲದ ಕಾಲದಲ್ಲಿ ಅಪ್ಪ ತೋಟ ಹಿಡಿದಿರಬೇಕೆಂದು ಅವಳು ನಂಬಿ, ಎಂಥ ಅಪ್ಪನನ್ನು ಕಳೆದುಕೊಂಡೆ ಎಂದು ಅದಕ್ಕೂ ಅತ್ತಿದ್ದಳು. ಚರ್ಚಿನಲ್ಲಿ ಕೂತಿದ್ದ ಅಷ್ಟು ಜನರಲ್ಲಿ ಒಬ್ಬರಿಗಾದರೂ ಅರ್ವಿಡ್ ಕೊಸ್ಕಿಯ ಟೊಮೇಟೊ ತಿಂದ ನೆನಪಿತ್ತೇ? ಇಲ್ಲ. ಆದರೂ ಎಲ್ಲರೂ ತಲೆಯಾಡಿಸಿದರು. ಸತ್ತವನ ಬಗ್ಗೆ ಮನೆಯವರು ಬರೆದದ್ದಕ್ಕೆ ಆ ಊರಿನಲ್ಲಿ ಯಾರೂ ಎದುರಾಡುವುದಿಲ್ಲ. ಕಾಫಿ ಕುಡಿದು, ಸೊಗಸಾಗಿ ಬರೆದಿದ್ದೀರಿ ಎಂದು ಹೇಳಿ ಮನೆಗೆ ಹೋಗುತ್ತಾರೆ.

ಬೇರೆ ವಿಷಯ ತಗೊಳ್ಳಿ, ಗಡುವು ಮುಂದಕ್ಕೆ ಹಾಕುತ್ತೇನೆ, ಎಂದು ಮಿಸೆಸ್ ಪ್ರುಯಿಟ್ ಹೇಳುತ್ತಿದ್ದದ್ದು ಐಲಾಗೆ ಅರ್ಧ ಮಾತ್ರ ಕೇಳಿಸಿತು.

ನಿಧನವಾರ್ತೆ ಬರೆದುಕೊಟ್ಟಿದ್ದ ತಮ್ಮ ರಾಯ್, ಅವಳು ಹೋದಾಗ, ಗ್ಯಾರೇಜಿನಲ್ಲಿ ಹಿಮ ಎತ್ತುವ ಯಂತ್ರವನ್ನು ಬಿಚ್ಚಿ ಹರವಿಕೊಂಡು ಕೂತಿದ್ದ. ಅವಳು ಸ್ಟ್ರೌಡನ ನಿಧನವಾರ್ತೆ ಅಚ್ಚು ಹಾಕಿಸಿ ತಂದ ಕಾಗದವನ್ನು ಮುಂದೆ ಹಿಡಿದಳು. ಅವನು ಕೈಯ ಎಣ್ಣೆ ಒರೆಸಿಕೊಂಡು ಓದಿದ. ಸುಳ್ಳು ಹೇಳಲಿಲ್ಲ, ಅದೊಂದು ಗುಣ ಅವನದು.

“ಅಪ್ಪನ ಹೆಣ ಇಟ್ಟಿದ್ದಲ್ಲಿ ಶವಸಂಸ್ಕಾರದೋರು ನನ್ನ ಕೂರ್ಸಿ, ಸಂಜೆಯೊಳಗೆ ಪೇಪರ್ನೋರಿಗೆ ಕಳಿಸ್ಬೇಕು, ನಿಮ್ಮಪ್ಪನ ಬಗ್ಗೆ ನಾಕು ಮಾತು ಬರ್ಕೊಡಿ ಅಂದ್ರು. ಗಣಿಗೆ ಹೋದ, ಬಂದ, ಊಟ ಮಾಡ್ದ, ಮಲಗ್ದ. ಇನ್ನೇನ್ ಬರೀಲಿ? ಫೋನಲ್ಲಿ ‘ಒಳ್ಳೇ ಅಪ್ಪ’ ಅಂತ ಹಾಕಿ ಹುಡುಕ್ದೆ. ಇವ್ನು ಸಿಕ್ದ.”

“ದೀಪಾನೂ?”

“ಐಲಾ, ಬಾತ್‌ರೂಮಲ್ಲಿ ದೀಪ ಮರೆತು ಬಿಟ್ರೆ ಬಂದು ಆರಿಸ್ತಿದ್ದೋನು ಕಣೇ ಅಪ್ಪ. ನೀನೇ ಬೈಸ್ಕೊಂಡಿಲ್ವಾ?”

ಬೈಸಿಕೊಂಡಿದ್ದಳು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಂಬಿದ್ದಳು.

“ನನ್ನ ಬಗ್ಗೆ ಯಾವತ್ತಾದ್ರೂ ಕೇಳಿದ್ನಾ?”

ರಾಯ್ ಸ್ಪಾನರನ್ನು ಎತ್ತಿಕೊಂಡ, ಮತ್ತೆ ಕೆಳಗಿಟ್ಟ. “ನಾನು ಒಂದಿನಾನೂ ಅವನ್ನ ಬಿಟ್ಟು ಹೋಗ್ಲಿಲ್ಲ,” ಅಂದ. “ನನ್ನ ಬಗ್ಗೇನೂ ಕೇಳ್ತಿರ್ಲಿಲ್ಲ ಕಣೇ.”

ಅವಳು ಬೈಯಬೇಕೆಂದೇ ಬಂದಿದ್ದಳು. ಆದರೆ ಅಂಗಡಿ ಹುಡುಕುವ ಹಾಗೆ ಒಬ್ಬ ಒಳ್ಳೆಯ ಅಪ್ಪನನ್ನು ಫೋನಿನಲ್ಲಿ ಹುಡುಕುತ್ತ ಕೂತ ಈ ಗಂಡಸಿಗೆ ಏನೆಂದು ಬೈಯುವುದು? ಇಬ್ಬರೂ ಒಂದೇ ಮನೆಯಲ್ಲಿ ಬರಿಗೈಯಲ್ಲಿ ಬೆಳೆದವರು. ಅವಳು ಅವನ ಪಕ್ಕದ ಡಬ್ಬದ ಮೇಲೆ ಕೂತು, ಅವನು ಕೇಳಿದ ಬೋಲ್ಟುಗಳನ್ನು ಒಂದೊಂದಾಗಿ ಎತ್ತಿಕೊಟ್ಟಳು.

ಐಲಾ ವಿಷಯ ಬದಲಿಸಲಿಲ್ಲ. ಮಿಸೆಸ್ ಪ್ರುಯಿಟ್ ಕಲಿಸಿದಂತೆ ಮೊದಲು ವಾದ ಬರೆದಳು: ನನ್ನ ತಂದೆ ನನಗಾಗಿ ಕಾದಿದ್ದರು. ಅದರ ಕೆಳಗೆ ದೀಪದ ವಾಕ್ಯ ಇಟ್ಟು, ಎರಡೂ ಬದಿಗೆ ಉದ್ಧರಣ ಚಿಹ್ನೆ ಹಾಕಿದಳು. ಯಾರದು ಎಂದು ಹೇಳಬೇಕಲ್ಲ, ಅದಕ್ಕಾಗಿ ಸ್ಟ್ರೌಡನ ನಿಧನವಾರ್ತೆಯನ್ನು ಕೊನೆಯವರೆಗೂ ಓದಿದಳು. ಕೊನೆಯಲ್ಲಿ ಅವನ ಮಕ್ಕಳ ಹೆಸರುಗಳಿದ್ದವು: ನಾಡೀನ್, ಕರ್ಟಿಸ್, ಲೊರೇನ್. ಹೊರಗೆ ಸುತ್ತಾಡಿ ತಡವಾಗಿ ಬರುತ್ತಿದ್ದವಳು ಲೊರೇನೇ ಇರಬೇಕು, ಕೊನೆಯವಳು. ಆ ಹುಡುಗಿ ಬೀದಿಯ ತಿರುವಿಗೆ ಬಂದು ಬೆಳಕು ಕಂಡು, ಅಪ್ಪ ಇನ್ನೂ ಎದ್ದೇ ಇದ್ದಾನೆ ಎಂದು ಗೊಣಗಿಕೊಂಡು ಮೆಟ್ಟಿಲು ಹತ್ತಿರಬೇಕು.

ಮೂವರ ಹೆಸರನ್ನೂ ಒಂದು ಅಕ್ಷರ ತಪ್ಪದಂತೆ ಬರೆದಳು. ವಾದ ಎಂದಿದ್ದ ಕಡೆ ತನ್ನ ತಂದೆಯ ಮಾತನ್ನು ಹೊಡೆದು ಹಾಕಿ, ಲೇಲ್ಯಾಂಡ್ ಸ್ಟ್ರೌಡ್ ತನ್ನ ಮಕ್ಕಳಿಗಾಗಿ ಕಾದಿದ್ದರು ಎಂದು ತಿದ್ದಿದಳು. ಈಗ ಆಧಾರ ಸರಿಯಾಗಿತ್ತು.