ಬೆರಳ ನಡುವಿನ ಕಾಯಿ

ಸಸ್ಯಚಿತ್ರ ಬರೆಯುವ ಹಿರಿಯಾಕೆಯ ಕೈ ನಡುಗುತ್ತಿದೆಯೆಂದು ಯಾರೋ ಹೊಸ ಅಧಿಕಾರಿಯ ಕಿವಿ ಊದಿದ್ದರು. ಆತ ನೇರ ಅವಳ ಮೇಜಿಗೇ ಬಂದ. ಅಲ್ಲಿ ಕುಂಡದಲ್ಲಿ ಕಾಡು ಕರ್ಣಕುಂಡಲದ ಗಿಡವಿತ್ತು: ನೀರು ತುಂಬಿದಂಥ ತಿಳಿ ಕಾಂಡ, ಹಿಂದೆ ಕೊಕ್ಕೆಬಾಲವಿರುವ ಗುಲಾಬಿ ಬಣ್ಣದ ಹೂ, ಎಲೆಯ ಸಂದಿಯಲ್ಲಿ ಕಾಯಿಗಳು.

“ಹಿಡಿದ ಕೈ ಚೂರು ನಡುಗಿದ್ರೂ ಇದರ ಕಾಯಿ ಸಿಡಿಯುತ್ತಂತಲ್ಲಮ್ಮಾ. ಒಂದು ಕಿತ್ತು ಹಿಡ್ಕೊಳ್ಳಿ, ನೋಡೋಣ.”

ಮೂವತ್ತು ವರ್ಷದ ಅನ್ನ ಆ ಎರಡು ಬೆರಳ ನಡುವೆ ಇತ್ತು. ಅವಳು ಉಸಿರು ಬಿಗಿಹಿಡಿದು ಒಂದನ್ನು ಕಿತ್ತು ಹಿಡಿದಳು. ಆತನ ಕಣ್ಣು ಕಾಯಿಯ ಮೇಲೆಯೇ ನೆಟ್ಟಿತ್ತು. ಕಾಯಿ ಕಮಕ್ ಕಿಮಕ್ ಎನ್ನಲಿಲ್ಲ.

“ಈಗ ನೀವು ಹಿಡೀರಿ ಸಾರ್,” ಎಂದು ಇನ್ನೊಂದು ಕಾಯಿ ತೋರಿಸಿದಳು.

ಆತನ ಬೆರಳು ತಗುಲಿದ್ದೇ ತಡ, ಸಿಪ್ಪೆ ಪಟ್ಟೆಂದು ಸುರುಳಿ ಸುತ್ತಿ ಬೀಜಗಳು ಕನ್ನಡಕಕ್ಕೆ ಬಡಿದವು. ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಆತ ತೆಪ್ಪಗೆ ಹೊರಟುಹೋದ.

ಫೈಲು ಓದಿ ಬೆಳೆದವನಿಗೆ ಗಿಡದ ಗುಟ್ಟು ಏನು ಗೊತ್ತು? ಅವಳು ಹಿಡಿದದ್ದು ಎಳೆಗಾಯಿ, ಕಲ್ಲಿಗೆ ಬಡಿದರೂ ಸಿಡಿಯದು. ಆತನಿಗೆ ತೋರಿಸಿದ್ದು ಉಬ್ಬಿ ಬಲಿತದ್ದು.

ನಗುತ್ತಲೇ ಕುಂಚ ಎತ್ತಿಕೊಂಡಳು. ಹೂವಿನ ಬಾಲದ ಗೆರೆ ಎಳೆಯಹೋದರೆ ಅದು ಮೂರು ಕಡೆ ಸೊಟ್ಟಗಾಯಿತು.